ಹದಿನಾಲ್ಕು ಸೂಜಿ, ಒಂದು ಹರಳೆಲೆ

ಕಳೆದ ತಿಂಗಳು ಮೊಮ್ಮಗಳಿಗೆ ರಕ್ತ ಪರೀಕ್ಷೆ ಮಾಡಿಸಲು ಚಿತ್ರದುರ್ಗಕ್ಕೆ ಹೋಗಿದ್ದೆವು. ನರ್ಸ್ ಹುಡುಗಿ ಸಣ್ಣ ಟ್ಯೂಬಿನಿಂದ ಬಿಳಿ ಮುಲಾಮು ಹಿಂಡಿ, ಮಗುವಿನ ಮೊಣಕೈ ಮಡಿಕೆಯಲ್ಲಿ ಇಟ್ಟು, ಅದರ ಮೇಲೊಂದು ಪಾರದರ್ಶಕ ಪಟ್ಟಿ ಅಂಟಿಸಿದಳು. "ಒಂದು ಗಂಟೆ ಕಾಯ್ಬೇಕು ತಾತ. ಆಮೇಲೆ ಸೂಜಿ ಹಾಕಿದ್ರೆ ಪಾಪುಗೆ ಗೊತ್ತೇ ಆಗಲ್ಲ" ಅಂದಳು. ನನ್ನ ಅಳಿಯ ಗಡಿಯಾರ ನೋಡಿಕೊಂಡು, "ಒಂದು ಸೂಜಿಗೆ ಒಂದು ಗಂಟೇನಾ?" ಅಂದ.

ನನಗೆ ನಗು ಬಂತು. ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ದನಿಯಲ್ಲಿ, ಸುಮಾರು ಐವತ್ತು ವರ್ಷದ ಹಿಂದೆ ಒಬ್ಬ ಡಾಕ್ಟರ ಬಾಯಲ್ಲಿ ಕೇಳಿದ್ದೆ. ಹುಡುಗಿಯ ಕೈಯಿಂದ ಟ್ಯೂಬು ಇಸಿದುಕೊಂಡು ಮೂಸಿದೆ. ವಾಸನೆಯೇ ಇಲ್ಲ. ನಮ್ಮದಕ್ಕೆ ಇತ್ತು. ನಮ್ಮದು ಕುರಿ ವಾಸನೆ ಹೊಡೆಯುತ್ತಿತ್ತು.

ನಾನು ಬಿ.ಫಾರ್ಮ್. ಓದಿದವನು. ನಮ್ಮ ವಂಶದಲ್ಲಿ ಡಿಗ್ರಿ ಹಾಗಿರಲಿ, ಏಳನೇ ಕ್ಲಾಸು ದಾಟಿದವರೂ ನನಗಿಂತ ಮುಂಚೆ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ನಮ್ಮಪ್ಪ ಹಿರಿಯೂರಿನ ಮಂಡಿಗಳಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ತಿರುಗಿಸುವ ಕೆಲಸ, ಬೆಳಗಿನಿಂದ ಸಂಜೆವರೆಗೆ. ಅವರ ಅಂಗೈಗೆ ಜಾಲಿ ಮುಳ್ಳು ಮುರಿದಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ, ನಾವು ನೋಡಿ ಹೇಳಬೇಕಿತ್ತು. ಆ ಕೈಯಿಂದಲೇ ನನ್ನ ತಲೆ ಸವರಿ ಬೆಂಗಳೂರಿನ ಬಸ್ಸು ಹತ್ತಿಸಿದ್ದರು. ಹಾಸ್ಟೆಲಿನಲ್ಲಿ ಉಂಡು, ಒಂದೇ ಜೊತೆ ಪ್ಯಾಂಟಿನಲ್ಲಿ ನಾಲ್ಕು ವರ್ಷ ಕಳೆದು, ಪಾಸಾಗಿ ಬಂದೆ.

ಎಪ್ಪತ್ತರ ದಶಕದ ನಡುವೆ ಹೊಳಲ್ಕೆರೆ ಸೀಮೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನನಗೆ ಕೆಲಸವಾಯಿತು. ಊರಿನ ಹೆಸರು ಬೇಡ. ಚಿಕ್ಕಜಾಜೂರಿನ ರೈಲಿನ ಕೂಗು ಗಾಳಿ ತಿರುಗಿದಾಗ ಕೇಳುವಷ್ಟು ದೂರ ಅಂದರೆ ಸಾಕು. ಔಷಧಿ ಕೊಡುವ ಕಿಟಕಿಯ ಮೇಲೆ ನನ್ನ ಹೆಸರನ್ನೂ ಅದರ ಮುಂದೆ ಬಿ.ಫಾರ್ಮ್. ಅಂತಲೂ ನಾನೇ ಬಣ್ಣದಲ್ಲಿ ಬರೆದೆ. ಯಾರೂ ಅದನ್ನು ಓದಲಿಲ್ಲ. ಬಂದ ಮೊದಲ ದಿನದಿಂದ ನಾನು ಎಲ್ಲರ ಬಾಯಲ್ಲೂ "ಕಾಂಪೌಂಡ್ರು".

ಅದು ಸುಗ್ಗಿ ಮುಗಿದ ಕಾಲ. ರಾಗಿ, ಜೋಳದ ಹೊಲಗಳು ಬರಿದಾಗಿದ್ದವು. ಬೆಳಿಗ್ಗೆ ಚಳಿ, ಹತ್ತು ಗಂಟೆಗೆಲ್ಲ ಗಾಳಿ. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಕಿಟಕಿ ತೆಗೆದಿಟ್ಟರೆ ಚೀಟಿಗಳೆಲ್ಲ ಹೊಳಲ್ಕೆರೆ ಸೇರುತ್ತಿದ್ದವು. ಆ ದಿನಗಳಲ್ಲಿ ಕುರಿಗಾರರು ಬಂದು ಹೊಲಗಳಲ್ಲಿ ಮಂದೆ ತರುಬುತ್ತಿದ್ದರು. ಕುರಿ ರಾತ್ರಿ ಹೊಲದಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ.

ಹೊಸದುರ್ಗದ ಕಡೆಯಿಂದ ಹಾಗೆ ಬಂದ ಒಂದು ಮಂದೆಯ ಹುಡುಗಿ ರಂಗಿ. ಏಳು ವರ್ಷ ಇರಬಹುದು. ಜೊಲ್ಲು ಸುರಿಸುತ್ತಾ ಬಂದ ಹುಚ್ಚುನಾಯಿ ಅವಳ ಮೀನಖಂಡಕ್ಕೂ ಕೈಗೂ ಬಾಯಿ ಹಾಕಿತ್ತು. ಜನ ನಾಯಿಯನ್ನು ಅಲ್ಲೇ ಹೊಡೆದು ಹಾಕಿದರು. ಅಜ್ಜಿ ಕೆಂಚಮ್ಮ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಆಸ್ಪತ್ರೆಗೆ ಓಡಿ ಬಂದಿದ್ದಳು. ಮಂತ್ರ ಹಾಕಿಸಲಿಲ್ಲವೇ ಅಂತ ಯಾರೋ ಕೇಳಿದ್ದಕ್ಕೆ ಅವಳು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ನಮ್ ತಮ್ಮಗೆ ಹಾಕ್ಸಿದ್ವಿ. ಒಂದೂವರೆ ತಿಂಗ್ಳು ಚೆನ್ನಾಗಿದ್ದ. ಆಮೇಲೆ ಚೆಂಬಲ್ಲಿ ನೀರು ಕಂಡ್ರೆ ಚೀರ್ತಿದ್ದ. ನೀರು ಅಂದ್ರೆ ಚೀರ್ತಿದ್ದ. ನಾಕು ದಿನ. ಅಷ್ಟೇ."

ಆ ಕಾಲದಲ್ಲಿ ಇದಕ್ಕೆ ಇದ್ದದ್ದು ಒಂದೇ ದಾರಿ: ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದರಂತೆ, ಒಂದು ದಿನವೂ ತಪ್ಪದೆ. ಔಷಧಿ ಚಿತ್ರದುರ್ಗದಿಂದ ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಬರುತ್ತಿತ್ತು. ಸೂಜಿಗಳು ಈಗಿನಂತೆ ಒಮ್ಮೆ ಚುಚ್ಚಿ ಎಸೆಯುವವಲ್ಲ. ಕುದಿಸುವುದು, ಚುಚ್ಚುವುದು, ಮತ್ತೆ ಕುದಿಸುವುದು. ಮೊನೆ ಮೊಂಡಾದರೆ ಸಾಣೆಕಲ್ಲಿಗೆ ತಿಕ್ಕುವುದು. ದೊಡ್ಡವರೇ ಮೂರನೇ ದಿನಕ್ಕೆ ಆಸ್ಪತ್ರೆಯ ಗೇಟು ಕಂಡರೆ ಬೆವರುತ್ತಿದ್ದರು.

ರಂಗಿಯನ್ನು ಮೊದಲ ದಿನ ಇಬ್ಬರು ಹಿಡಿದರು, ಎರಡನೇ ದಿನ ಮೂವರು. ಮೂರನೇ ದಿನ ಆಳು ಸಾಲದೆ ನನ್ನನ್ನೂ ಕರೆದರು. ನಾನು ಭುಜ ಹಿಡಿದಿದ್ದೆ. ಅವಳು ತಲೆ ತಿರುಗಿಸಿ ನನ್ನ ಮುಂಗೈಗೆ ಹಲ್ಲು ಊರಿದಳು. ನಾಗರತ್ನಮ್ಮ ಅಂತ ನಮ್ಮ ಸಿಸ್ಟರ್, ಕೆಲಸದಲ್ಲಿ ಎಷ್ಟು ಚುರುಕೋ ಬಾಯಲ್ಲೂ ಅಷ್ಟೇ. ಸಿರಿಂಜು ಕೆಳಗಿಟ್ಟು, "ಕಾಂಪೌಂಡ್ರೇ, ನಿಮಗೂ ಹದಿನಾಲ್ಕು ಬರ್ಕೊಳ್ಳಲೇನ್ರಿ?" ಅಂದರು. ಎಲ್ಲರೂ ನಕ್ಕರು. ರಂಗಿ ನಗಲಿಲ್ಲ. ಮೇಜಿನ ಮೇಲೆ ಮುದುಡಿಕೊಂಡು ನಡುಗುತ್ತಿದ್ದಳು. ಆ ನಡುಕ ನೋಡಿ ನನ್ನ ಬಾಯಿಂದ ಮಾತು ಜಾರಿತು.

"ನಾಳೆ ನೋವಾಗದಂಗೆ ಮಾಡ್ತೀನಿ ಕಣವ್ವ."

"ಆಣೆ?" ಅಂದಳು.

"ಆಣೆ."

ಹೇಳಿದ್ದು ಸುಮ್ಮನೆ ಅಲ್ಲ. ಆಸ್ಪತ್ರೆಯ ಬೀರುವಿನಲ್ಲಿ ಒಂದು ಬಾಟಲಿ ಲಿಗ್ನೊಕೇನ್ ಪುಡಿ ಇತ್ತು. ಒಸಡು, ಗಂಟಲು ಮರಗಟ್ಟಿಸಲು ತರಿಸಿದ್ದು. ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯವರೇ, ಆದರೆ ದಿನಕ್ಕೆ ಇನ್ನೂರು ಜನ ನೋಡಿ ಸುಸ್ತಾದವರು. "ಚರ್ಮದ ಮೇಲೆ ಹಚ್ಚಿದ್ರೆ ಏನೂ ಆಗಲ್ಲ ರೀ ಅದು. ಬೇಕಾದ್ರೆ ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಿ, ಜಾಸ್ತಿ ಬೇಡ, ಚಿಕ್ಕ ಮಗು" ಅಂದರು. ಅಮೃತಶಿಲೆಯ ಹಲಗೆಯ ಮೇಲೆ ಪುಡಿಯನ್ನು ಉಣ್ಣೆಯ ಜಿಡ್ಡಿನಲ್ಲಿ ಕಲಸಿ ತಿಕ್ಕಿದೆ. ಕುರಿ ಉಣ್ಣೆಯನ್ನು ತೊಳೆದಾಗ ಸಿಗುವ ಹಳದಿ ಜಿಡ್ಡು ಅದು. ಆಗ ಮುಲಾಮುಗಳಿಗೆ ಅದನ್ನೇ ಹಾಕುತ್ತಿದ್ದೆವು. ಒಂದು ಚಿಕ್ಕ ಡಬ್ಬಿ ಆಯಿತು. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ನನ್ನ ಓದನ್ನು ಕೈಗೆ ತೆಗೆದುಕೊಂಡ ಹಾಗೆ ಅನ್ನಿಸಿತು. ಅಲ್ಲಿಯವರೆಗೆ ಮಾಡಿದ್ದು ಬರೀ ಮಾತ್ರೆ ಎಣಿಸಿ ಪೊಟ್ಟಣ ಕಟ್ಟುವ ಕೆಲಸ.

ನಾಲ್ಕನೇ ದಿನ ರಂಗಿ ನನ್ನ ಮುಖವನ್ನೇ ನೋಡುತ್ತಾ ತಾನೇ ಮೇಜು ಹತ್ತಿದಳು. ಮುಲಾಮು ಹಚ್ಚಿದೆ. "ಹೂಂ, ಹಾಕ್ರಿ ಸಿಸ್ಟರ್" ಅಂದೆ. ಸೂಜಿ ಇಳಿದ ಕೂಡಲೇ ಅವಳು ಕಿರುಚಿದ ಕಿರುಚು ಹೊರಗೆ ಸಾಲಿನಲ್ಲಿ ನಿಂತವರನ್ನೆಲ್ಲ ಒಂದು ಹೆಜ್ಜೆ ಹಿಂದೆ ಸರಿಸಿತು. ಅತ್ತು ಮುಗಿದ ಮೇಲೆ ಲಂಗ ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

"ಸುಳ್ಳ."

ನನ್ನ ಡಿಗ್ರಿಗೆ ಅಂಥ ಏಟು ಯಾರೂ ಕೊಟ್ಟಿರಲಿಲ್ಲ.

ಐದನೇ ದಿನ ಅವರು ಬರಲಿಲ್ಲ. ಹತ್ತು ಗಂಟೆ ಆಯಿತು. ನಾಗರತ್ನಮ್ಮ ಎರಡು ಸಲ ಬಂದು ರಸ್ತೆ ನೋಡಿದರು. ಮೂರನೇ ಸಲ ಬಂದಾಗ ನನ್ನನ್ನು ನೋಡಿದರು. "ಅಜ್ಜಿ ಹೇಳ್ತಿದ್ಳಲ್ಲ, ತಮ್ಮನ ಕಥೆ" ಅಂದರು. ನಾನು ಡಬ್ಬಿಯನ್ನೂ, ಕುದಿಸಿದ ಎರಡು ಸೂಜಿಯನ್ನೂ, ಸ್ಪಿರಿಟ್ಟು ಹತ್ತಿಯನ್ನೂ ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದೆ. ಎದುರುಗಾಳಿ. ಅರ್ಧ ದಾರಿ ತಳ್ಳಿಕೊಂಡೇ ಹೋದೆ.

ಕುರಿಗಳು ಮೇಯಲು ಹೋಗಿದ್ದವು. ಹೊಲದಲ್ಲಿ ಕೆಂಚಜ್ಜಿ ಒಬ್ಬಳೇ ಇದ್ದಳು, ಕಣ್ಣು ಕೆಂಪಗೆ.

"ಬೆಳಗ್ಗಿಂದ ಹುಡುಕ್ತಾ ಇದೀನಿ ಕಾಂಪೌಂಡ್ರೇ. ಎಲ್ಲಿ ಅಡಗೌಳೋ. ಅವರಪ್ಪ ಬಾರುಕೋಲು ಹಿಡ್ಕಂಡು ಹಳ್ಳದ ಕಡೆ ಹೋಗೌನೆ."

ಹೊಲದ ಮೂಲೆಯಲ್ಲಿ ಎಳೆ ಕುರಿಮರಿಗಳನ್ನು ಮುಚ್ಚಿಡುವ ದೊಡ್ಡ ಬಿದಿರು ಬುಟ್ಟಿಗಳು ಬೋರಲು ಬಿದ್ದಿದ್ದವು. ಒಂದರೊಳಗೆ ಮರಿಗಳು ಅರಚುತ್ತಿದ್ದವು. ಪಕ್ಕದ್ದು ಮಾತ್ರ ಒಂದೇ ಸಮ ಸುಮ್ಮನಿತ್ತು. ಅದರ ಸಂದಿಯಲ್ಲಿ ಲಂಗದ ಅಂಚು ಕಂಡಿತು. ನಾನು ಅಜ್ಜಿಗೆ ಸನ್ನೆ ಮಾಡಿದೆ, ಬುಟ್ಟಿ ಎತ್ತಬೇಡ ಅಂತ. ಎತ್ತಿ ಹೊತ್ತುಕೊಂಡು ಹೋದರೆ ಈ ದಿನದ್ದು ಮುಗಿಯುತ್ತದೆ. ಇನ್ನುಳಿದ ಒಂಬತ್ತು ದಿನ?

ಬುಟ್ಟಿಯ ಪಕ್ಕ ನೆಲದ ಮೇಲೆ ಕುಳಿತೆ.

"ಅಜ್ಜೀ, ನಿಮ್ಮ ಹುಡ್ಗಿ ನನ್ನ ಸುಳ್ಳ ಅಂದ್ಳು. ಸರಿಯಾಗೇ ಅಂದ್ಳು" ಅಂದೆ, ಬುಟ್ಟಿಗೆ ಕೇಳಿಸುವ ಹಾಗೆ.

"ಅದೇನ್ ಹಚ್ಚಿದ್ರಿ, ಕೊಡ್ರಿ ಇಲ್ಲಿ" ಅಂದಳು ಕೆಂಚಜ್ಜಿ. ಡಬ್ಬಿ ತೆಗೆದು ಮೂಗಿಗೆ ಹಿಡಿದಳು. ಅವಳ ಮುಖ ಬದಲಾಯಿತು. "ಅಯ್ಯೋ, ಇದು ಕುರಿ!"

"ಹೌದು. ಉಣ್ಣೆ ಜಿಡ್ಡು. ಸೂಜಿ ಔಷಧೀನೂ ಕುರಿದೇ ಅಜ್ಜಿ, ಕುರಿ ಮೆದುಳಿಂದ ಮಾಡೋದು."

ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. ಓದಿದವನ ಬಾಯಿಂದ ಮೊದಲ ಸಲ ನಂಬುವಂಥ ಮಾತು ಕೇಳಿದಂತಿತ್ತು ಆ ನೋಟ. ಆಮೇಲೆ ಮುಲಾಮನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಹಚ್ಚಿ ಎಷ್ಟೊತ್ತು ಬಿಟ್ರಿ?"

"ಹಚ್ಚಿದ ತಕ್ಷಣ ಸೂಜಿ ಹಾಕಿದ್ವಿ."

"ಮ್ಯಾಲೆ ಏನ್ ಕಟ್ಟಿದ್ರಿ?"

"ಏನೂ ಇಲ್ಲ."

"ನಿಮ್ಗೆ ಯಾರ್ ಕಲ್ಸಿದ್ರಪ್ಪ ಔಷಧಿ ಮಾಡದ?" ಅಂತ ತಲೆ ತಲೆ ಬಡಿದುಕೊಂಡಳು. "ಕುರಿ ಕಾಲು ಉಳುಕಿದ್ರೂ ನಾವು ಹಚ್ಚಿ, ಹರಳೆಲೆ ಮುಚ್ಚಿ, ದಾರ ಕಟ್ತೀವಿ. ಬಿಚ್ಚಿ ಬಿಟ್ರೆ ಔಷಧೀನ ಗಾಳಿ ತಿಂತೈತೆ. ಮುಚ್ಚಿದ್ರೆ ಮೈ ತಿಂತೈತೆ. ಮೈ ತಿನ್ನಾಕೆ ಹೊತ್ತು ಬೇಕಲ್ಲ?"

ಮುಲಾಮನ್ನು ಮುಚ್ಚಿಟ್ಟರೆ ಚರ್ಮ ನೆನೆದು ಔಷಧಿ ಒಳಗಿಳಿಯುತ್ತದೆ ಅನ್ನುವುದನ್ನು ಎರಡನೇ ವರ್ಷದಲ್ಲಿ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ. ಪುಟದಿಂದ ಕೈಗೆ ಅದು ಇಳಿದೇ ಇರಲಿಲ್ಲ. ಒಂದು ಅಕ್ಷರ ಬಾರದ ಈ ಹೆಂಗಸಿಗೆ ಅದು ಕೈಯಲ್ಲೇ ಇತ್ತು.

ಶರ್ಟಿನ ತೋಳು ಮಡಿಚಿದೆ. ಎಡ ಮುಂಗೈ ಮೇಲೆ ಎರಡು ಕಡೆ, ಒಂದೊಂದು ಎಂಟಾಣೆ ಅಗಲಕ್ಕೆ ಮುಲಾಮು ಹಚ್ಚಿದೆ. ಒಂದನ್ನು ಗಾಳಿಗೆ ಬಿಟ್ಟೆ. ಇನ್ನೊಂದಕ್ಕೆ ಅಜ್ಜಿ ಬೇಲಿಯ ಹರಳು ಗಿಡದ ಅಗಲ ಎಲೆ ಕಿತ್ತು, ಸೆರಗಿಗೆ ಒರೆಸಿ, ಮುಚ್ಚಿ, ಉಣ್ಣೆ ದಾರದಲ್ಲಿ ಕಟ್ಟಿದಳು.

"ಏನವ್ವ ರಂಗಿ" ಅಂದೆ ಬುಟ್ಟಿಗೆ. "ನಾನಿಲ್ಲೇ ಕೂತಿರ್ತೀನಿ. ಹೊತ್ತು ಮೇಲೆ ಬರ್ಲಿ. ಆಮೇಲೆ ನೀನೇ ನಂಗೆ ಸೂಜಿ ಚುಚ್ಚು. ನೋವಾದ್ರೆ ನಾನೇ ಸುಳ್ಳ ಅಂತ ಊರೆಲ್ಲ ಕೂಗು."

ಅಜ್ಜಿ ನನಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ಒಂದು ರೊಟ್ಟಿಯನ್ನು ಬುಟ್ಟಿಯ ಸಂದಿಯಲ್ಲಿ ತೂರಿಸಿದಳು. ಅದು ಒಳಗೆ ಹೋಯಿತು. ನನ್ನ ಕೈಗಡಿಯಾರ ನಿಧಾನಕ್ಕೆ ತಿರುಗಿತು. ಮುಕ್ಕಾಲು ಗಂಟೆಯ ಹೊತ್ತಿಗೆ ಬುಟ್ಟಿಯೊಳಗಿಂದ ದನಿ ಬಂತು.

"ನಾನೇ ಚುಚ್ಚದಾ?"

"ನೀನೇ."

"ಎಷ್ಟು ಸಲ?"

"ನಿಂಗೆ ನಂಬಿಕೆ ಬರೋತಂಕ."

ಬುಟ್ಟಿ ಮೇಲೆದ್ದಿತು. ತಲೆ ತುಂಬ ಹುಲ್ಲು, ಕೆನ್ನೆಯ ಮೇಲೆ ಬಿದಿರಿನ ಅಚ್ಚು. ಒಂದು ಗಂಟೆ ಆದ ಮೇಲೆ ಸ್ಪಿರಿಟ್ಟಿನಲ್ಲಿ ಕೈ ಒರೆಸಿ ಸೂಜಿ ಅವಳ ಕೈಗೆ ಕೊಟ್ಟೆ. ಅವಳು ನನ್ನ ಕೈ ನೋಡಲಿಲ್ಲ, ಮುಖ ನೋಡಿದಳು. ಸುಳ್ಳು ಎಲ್ಲಿ ಕಾಣುತ್ತದೆ ಅಂತ ಆ ಮಗುವಿಗೆ ಗೊತ್ತಿತ್ತು. ಮೊದಲು ಗಾಳಿಗೆ ಬಿಟ್ಟ ಕಡೆ ಚುಚ್ಚಿದಳು.

"ಅಯ್ಯಪ್ಪಾ!" ಅಂದೆ. ನಟನೆ ಅಲ್ಲ, ನಿಜವಾಗಿ ಉರಿಯಿತು.

ಅವಳ ತುಟಿಯ ತುದಿ ಅಲುಗಿತು. ಎಲೆ ಬಿಚ್ಚಿದೆ. ಕೆಳಗೆ ಚರ್ಮ ಬಿಳಿಚಿಕೊಂಡು ನೆನೆದಂತಿತ್ತು. ಚುಚ್ಚಿದಳು. ಯಾರೋ ಬೆರಳಲ್ಲಿ ಮುಟ್ಟಿದ ಹಾಗೆ, ಅಷ್ಟೇ. ಮತ್ತೆ ಚುಚ್ಚಿದಳು. ಇನ್ನೂ ಜೋರಾಗಿ ಮೂರನೇ ಸಲ. ಒಂದು ಹನಿ ರಕ್ತ ಬಂತು. ನನ್ನ ಮುಖದಲ್ಲಿ ಅವಳು ಹುಡುಕಿದ್ದು ಸಿಗಲಿಲ್ಲ.

"ಅಜ್ಜೀ" ಅಂತ ಕೂಗಿದಳು, "ಇವ್ರಿಗೆ ಗೊತ್ತೇ ಆಗ್ತಿಲ್ಲ!"

ಆ ಕೂಗಿನಲ್ಲಿದ್ದ ಸಂತೋಷ ನನ್ನ ರಿಸಲ್ಟು ಬಂದ ದಿನ ನನಗೂ ಇರಲಿಲ್ಲ.

"ಕೇಳವ್ವ" ಅಂದೆ. ಈ ಸಲ ಆಣೆ ಇಡಲಿಲ್ಲ. "ಚುಚ್ಚೋದು ಹೆಚ್ಚು ಗೊತ್ತಾಗಲ್ಲ. ಆದ್ರೆ ಔಷಧಿ ಒಳಗೆ ಹೋಗುವಾಗ ಬಿಗಿ ಆಗ್ತೈತೆ, ಉರೀತೈತೆ. ಅದಕ್ಕೆ ನನ್ನತ್ರ ಏನೂ ಇಲ್ಲ. ಅಷ್ಟೊತ್ತು ನಿಮ್ಮ ಕುರಿ ಹೆಸರೆಲ್ಲ ಹೇಳ್ತಾ ಇರು."

ತಲೆಯ ಹುಲ್ಲು ಕೊಡವಿಕೊಂಡು, "ಹೂಂ, ಹೋಗಾಣ" ಅಂದಳು.

ಒಂದು ತೊಡಕು ಇತ್ತು. ಆಸ್ಪತ್ರೆಯಲ್ಲಿ ಒಂದು ಮಗುವನ್ನು ಒಂದು ಗಂಟೆ ಕೂರಿಸಿಕೊಳ್ಳುವುದು ಆಗದ ಮಾತು, ಡಾಕ್ಟರು "ಒಂದು ಸೂಜಿಗೆ ಒಂದು ಗಂಟೆ ಯಾರಿಗೈತ್ರೀ?" ಅನ್ನುತ್ತಾರೆ ಅಂತ ಗೊತ್ತಿತ್ತು. ಆಮೇಲೆ ಹಾಗೇ ಅಂದರು ಕೂಡ. ಆದರೆ ಆ ಹೊಲದಿಂದ ಆಸ್ಪತ್ರೆಗೆ ಮಗು ನಡೆದರೆ ಸರಿಯಾಗಿ ಒಂದು ಗಂಟೆ. ಅಲ್ಲಿಯವರೆಗೆ ಆ ದೂರವನ್ನು ಅವರೂ ಬೈದಿದ್ದರು, ನಾನೂ ಬೈದಿದ್ದೆ. ಹೊಲದಲ್ಲೇ ರಂಗಿಯ ಹೊಕ್ಕುಳ ಬಲಪಕ್ಕಕ್ಕೆ ಮುಲಾಮು ಹಚ್ಚಿ, ಮಾತ್ರೆ ಬರುತ್ತಿದ್ದ ಪ್ಲಾಸ್ಟಿಕ್ ಚೀಲದ ಚೂರು ಮುಚ್ಚಿದೆ. ಅಜ್ಜಿಗೆ ಪ್ಲಾಸ್ಟಿಕ್ಕಿನ ಮೇಲೆ ನಂಬಿಕೆ ಬರಲಿಲ್ಲ. ಅದರ ಮೇಲೆ ತನ್ನ ಹರಳೆಲೆ ಇಟ್ಟು, ಸುತ್ತ ದಾರ ಕಟ್ಟಿಯೇ ಬಿಟ್ಟಳು. ನಾನು ಸೈಕಲ್ ತಳ್ಳಿಕೊಂಡು, ಅವರಿಬ್ಬರೂ ಪಕ್ಕದಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಡೆದೆವು. ನಡೆದಷ್ಟೂ ಔಷಧಿ ಒಳಗಿಳಿಯುತ್ತಿತ್ತು.

ಆಸ್ಪತ್ರೆ ಮುಚ್ಚುವ ಹೊತ್ತು. ನಾಗರತ್ನಮ್ಮ ಬೀಗ ಹಾಕದೆ ಬಾಗಿಲಲ್ಲೇ ನಿಂತಿದ್ದರು. ಲಂಗ ಸರಿಸಿ ಎಲೆ ನೋಡಿದವರೇ, "ಇದೇನ್ ಮದ್ವೆ ಊಟಾನೇನ್ರಿ, ಎಲೆ ಹಾಕಿದೀರಾ?" ಅಂದರು. ಕೈ ಮಾತ್ರ ಆಗಲೇ ಸಿರಿಂಜು ಹಿಡಿದಿತ್ತು. ಅವತ್ತು ಯಾರೂ ರಂಗಿಯನ್ನು ಹಿಡಿಯಲಿಲ್ಲ. ಅವಳು ಸೂರು ನೋಡುತ್ತಾ ಶುರು ಮಾಡಿದಳು: "ಕರಿಮೂತಿ, ಮೋಟುಗಿವಿ, ಕೆಂದಿ, ಬಂಡಿ, ಕುಂಟಿ..." ಸೂಜಿ ಇಳಿದಾಗ ಮಾತು ತಪ್ಪಲಿಲ್ಲ. ಔಷಧಿ ತಳ್ಳಿದಾಗ ಹೆಸರುಗಳು ಜೋರಾದವು, ಕಣ್ಣಲ್ಲಿ ನೀರು ಬಂತು, ಆದರೂ "ದೊಡ್ಕೊಂಬಿ!" ಅಂತ ಕೂಗಿ ಮುಗಿಸಿದಳು.

ನಾಗರತ್ನಮ್ಮ ಸಿರಿಂಜು ತಟ್ಟೆಗೆ ಹಾಕಿ, "ಇಪ್ಪತ್ತು ವರ್ಷ ಆಯ್ತ್ರಿ ನಾನು ಸೂಜಿ ಹಾಕಾಕೆ ಹತ್ತಿ. ಹಿಡ್ಕಳ್ದೆ ಒಂದು ಮಗೂಗೂ ಹಾಕಿರ್ಲಿಲ್ಲ" ಅಂದರು. ಆಮೇಲೆ ರಂಗಿಯ ಲಂಗ ತಾವೇ ಸರಿಮಾಡಿ ಅವಳನ್ನು ಮೇಜಿನಿಂದ ಇಳಿಸಿದರು.

ಆಮೇಲೆ ಮರುದಿನಕ್ಕೆ ಬೇಕಾದಷ್ಟು ಮುಲಾಮನ್ನು ಅಜ್ಜಿಯ ಕೈಗೇ ಕೊಟ್ಟು ಕಳಿಸುತ್ತಿದ್ದೆ, ದಿನಗಳು ಓಡಿದವು. ಒಂಬತ್ತನೇ ದಿನ ಆ ಹೊಲದ ಸರದಿ ಮುಗಿದು ಮಂದೆ ಇನ್ನೂ ದೂರದ ಹೊಲಕ್ಕೆ ಹೊರಟಿತು. ಅಲ್ಲಿಂದ ಎರಡು ಗಂಟೆ ದಾರಿ. ಕೆಂಚಜ್ಜಿ ಗಾಬರಿಯಾಗಿ ಬಂದಳು. "ಅರ್ಧ ದಾರಿಗೆ ಹೊಂಗೆ ಮರ ಐತಲ್ಲ, ಅಲ್ಲಿ ಕುಂತ್ಕಂಡು ಹಚ್ರಿ" ಅಂದೆ. ಅಜ್ಜಿ ಹಾಗೇ ಮಾಡಿದಳು. ಒಂದು ದಿನವೂ ತಪ್ಪಲಿಲ್ಲ.

ಹದಿನಾಲ್ಕನೇ ದಿನ ರಂಗಿ ಅಜ್ಜಿಯ ಕೈ ಬಿಟ್ಟು, ಸಾಲಿನಲ್ಲಿದ್ದವರ ಮುಂದೆಯೇ ಒಬ್ಬಳೇ ಒಳಗೆ ಬಂದು ಮೇಜು ಹತ್ತಿ, ಎಲೆಯನ್ನು ತಾನೇ ಬಿಚ್ಚಿದಳು. "ನಿಧಾನ ಹಾಕಕ್ಕ. ನಾನೇನ್ ಓಡೋಗಲ್ಲ" ಅಂದಳು ನಾಗರತ್ನಮ್ಮನಿಗೆ. ಡಾಕ್ಟರು ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದರು. ಆಮೇಲೆ ನನ್ನ ಕಿಟಕಿಗೆ ಬಂದು ಮೇಲೆ ಬರೆದಿದ್ದ ಬೋರ್ಡನ್ನು ಓದಿದರು. ಮೊದಲ ಸಲ ಓದಿದರು ಅಂತ ಕಾಣುತ್ತದೆ. "ಬಿ.ಫಾರ್ಮ್., ಆ ಡಬ್ಬಿ ಇನ್ನೊಂದು ಮಾಡಿಡಿ. ಸೂಜಿ ರೂಮಿನಲ್ಲಿರಲಿ" ಅಂದರು. ಸುತ್ತಲ ಹಳ್ಳಿಯವರು ಅದಕ್ಕೆ ಕುರಿ ಮುಲಾಮು ಅಂತ ಹೆಸರಿಟ್ಟರು. ದೂರದಿಂದ ಮಕ್ಕಳನ್ನು ಕರೆತರುವವರು ಹಿಂದಿನ ದಿನವೇ ಬಂದು, ಎಷ್ಟು ಹಚ್ಚಬೇಕೆಂದು ಕೇಳಿ, ಅಷ್ಟೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ಇದನ್ನು ಓದಿ ಈಗ ಯಾರೂ ಮನೆಯಲ್ಲಿ ಕಲಸಲು ಹೋಗಬೇಡಿ. ಹೆಚ್ಚಾದರೆ ಮಕ್ಕಳಿಗೆ ಅಪಾಯ. ಆಗ ಬೇರೆ ದಾರಿಯಿರಲಿಲ್ಲ, ಈಗ ಅಳತೆ ಗೊತ್ತಿರುವ ಟ್ಯೂಬು ಇದೆ. ಹೊಟ್ಟೆಗೆ ಹಾಕುತ್ತಿದ್ದ ಆ ಸೂಜಿಯೂ ಈಗಿಲ್ಲ.

ಅವತ್ತು ಹೊರಡುವಾಗ ಕೆಂಚಜ್ಜಿ ಕೇಳಿದಳು, "ಇನ್ನೇನ್ ಭಯ ಇಲ್ವೇನ್ರಿ?"

ಸುಳ್ಳ ಅನ್ನಿಸಿಕೊಂಡವನು ನಾನು. "ಔಷಧಿ ಪೂರ್ತಿ ಆಗೈತೆ ಅಜ್ಜಿ. ಒಂದು ವರ್ಷ ಕಳೀಲಿ, ಆಮೇಲೆ ನಾನೂ ನೀವೂ ಇಬ್ರೂ ನಿದ್ದೆ ಮಾಡಾಣ" ಅಂದೆ. ಅವಳು ತಲೆಯಾಡಿಸಿ ಮೊಮ್ಮಗಳ ಕೈ ಹಿಡಿದು ನಡೆದಳು. ಮಂದೆ ಹೊಸದುರ್ಗದ ಕಡೆ ಹೋಯಿತು.

ಆ ವರ್ಷ ಮಳೆ ಬಂತು, ಹೋಯಿತು. ರಾಗಿ ಕೊಯ್ಲಾಯಿತು. ಹೊಲ ಬರಿದಾದ ಮೇಲೆ ನಾನು ದಿನವೂ ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಸಾಲಿನಲ್ಲಿ ಗಲಾಟೆ. "ಸರೀರಿ, ಜಾಗ ಬಿಡ್ರಿ, ನಮಗೇನ್ ಕಾಯ್ಲೆ ಇಲ್ಲ" ಅನ್ನುತ್ತಾ ಕೆಂಚಜ್ಜಿ ಬಂದಳು. ಅವಳ ಹಿಂದೆ ಒಂದು ಗೇಣು ಎತ್ತರವಾಗಿದ್ದ ರಂಗಿ, ಕೈಯಲ್ಲಿ ತುಂಬಿದ ಹಿತ್ತಾಳೆ ಚೆಂಬು.

"ಕುಡಿಯೇ" ಅಂದಳು ಅಜ್ಜಿ. "ಬಿ.ಫಾರ್ಮ್. ನೋಡ್ಲಿ."

ರಂಗಿ ನನ್ನ ಕಿಟಕಿಯ ಎದುರು ನಿಂತು, ನನ್ನ ಮುಖವನ್ನೇ ನೋಡುತ್ತಾ, ಆ ಚೆಂಬು ನೀರನ್ನು ಗಟಗಟ ಕುಡಿದಳು. ಗಂಟಲು ಏರಿ ಇಳಿಯಿತು. ಒಂದು ಹನಿಯೂ ಉಳಿಸಲಿಲ್ಲ. ಕೊನೆಗೆ ಖಾಲಿ ಚೆಂಬನ್ನು ಬೋರಲು ಹಿಡಿದು ತೋರಿಸಿ, ತುಟಿ ಒರೆಸಿಕೊಂಡು ನಕ್ಕಳು.